ಟರ್ನ್ ಬೇಸ್ಡ್ ಸ್ಪೇಸ್ ಗೇಮ್ ಶುರು ಮಾಡುವ ಮೊದಲು ಎಷ್ಟು ಕಲಿತಿರಬೇಕು?

ಶೂಟಿಂಗ್ ಗೇಮ್ ಆಡಿ ಅಭ್ಯಾಸ, ಈಗ ಟ್ಯುಟೋರಿಯಲ್ ನೋಡಿಕೊಂಡು ಟರ್ನ್ ಬೇಸ್ಡ್, ಅಂದರೆ ಸರದಿ ಪ್ರಕಾರ ಆಡುವ, ಸ್ಪೇಸ್ ಗೇಮ್‌ಗೆ ಇಳಿಯಲಾ, ಇಲ್ಲ ಯಾವುದಾದರೂ ಸುಲಭದ್ದು ಹಿಡಿಯಲಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾನೂ ಅದೇ ಜಾತಿಯವನು.

ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಎಡಗೈಯಲ್ಲಿ ಮೌಸ್ ಹಿಡಿದು ಶೂಟರ್ ಆಡೋಕೆ ಹೋಗಿ ಸತ್ತು ಸತ್ತು ಸಾಕಾಯಿತು. ಗೆಳೆಯನೊಬ್ಬ, "ಇದಕ್ಕೇನೂ ಅವಸರ ಇಲ್ಲ ಕಣೋ, ನೀನು ಮಲಗಿ ಎದ್ದು ಬಂದರೂ ಹಾಗೇ ಇರುತ್ತೆ" ಅಂತ ಮಾಸ್ಟರ್ ಆಫ್ ಓರಿಯನ್ 2 ಹಾಕಿಕೊಟ್ಟ. 1996ರ ಗೇಮ್, ಗ್ರಹಗಳನ್ನು ಹಿಡಿದು ಸಾಮ್ರಾಜ್ಯ ಕಟ್ಟೋದು. ತೆರೆದರೆ ಕಪ್ಪು ನಕ್ಷೆಯ ಮೇಲೆ ಬಣ್ಣದ ಚುಕ್ಕಿಗಳು, ಮೂಲೆಯಲ್ಲೊಂದು ‘ಟರ್ನ್’ ಬಟನ್. ಲೆಕ್ಕದ ಪುಸ್ತಕ ಕೊಟ್ಟು ಹೋದನಲ್ಲ ಅಂದುಕೊಂಡೆ.

ಸಿಲಾನ್ ಜನಾಂಗ ಆರಿಸಿಕೊಂಡೆ. ಬೇರೆ ಜನಾಂಗದವರು ಸಾಮಾನ್ಯವಾಗಿ ಸಂಶೋಧನೆಯಲ್ಲಿ ಹಂತಕ್ಕೊಂದು ತಂತ್ರಜ್ಞಾನ ಆರಿಸಿಕೊಂಡು ಉಳಿದದ್ದನ್ನು ಬಿಡಬೇಕು. ಸಿಲಾನ್‌ಗಳಿಗೆ ಎಲ್ಲವೂ ಸಿಗುತ್ತೆ. ಹಾಗಾಗಿ ತಲೆ ತಿರುಗಿತ್ತು ನನಗೆ.

ನನ್ನ ತಪ್ಪು ಏನು ಅಂದರೆ, ಸ್ವಲ್ಪ ಉದ್ದ ಆಗುತ್ತೆ, ಕೇಳಿ. ಒಂದು ಯೂನಿಟ್ ಜನಕ್ಕೆ ಟರ್ನಿಗೆ ಒಂದು ಯೂನಿಟ್ ಊಟ ಬೇಕು. ಭೂಮಿಯಂಥ ಗ್ರಹದಲ್ಲಿ ಒಂದು ಯೂನಿಟ್ ರೈತರು 2 ಯೂನಿಟ್ ಬೆಳೆಯುತ್ತಾರೆ. ಬರಡು ಗ್ರಹದಲ್ಲಿ ಸೊನ್ನೆ. ನಾನು ಜಾಣತನ ಮಾಡಿದೆ. ಒಂದೇ ಒಂದು ಹಸಿರು ಗ್ರಹದಲ್ಲಿ ಎಲ್ಲರನ್ನೂ ರೈತರನ್ನಾಗಿ ಮಾಡಿ, ಉಳಿದ ಕಡೆ ಬರೀ ಕಾರ್ಖಾನೆ, ಲ್ಯಾಬು. ಊಟ ಸಾಗಿಸೋಕೆ ಸರಕು ಹಡಗುಗಳಿದ್ದವು, ಐದೈದರಂತೆ ಕಟ್ಟಿಸಿದ್ದೆ. ಹೈಡ್ರೋಪೋನಿಕ್ ಫಾರ್ಮ್, ಅಂದರೆ ಮಣ್ಣಿಲ್ಲದೆ ಬೆಳೆಯುವ ತೋಟದ, ಸಂಶೋಧನೆ ಎಂದೋ ಮುಗಿದಿತ್ತು. ಕಾಲೊನಿಗೆ ಒಂದು ಕಟ್ಟಿದ್ದರೆ ಬರಡು ನೆಲದಲ್ಲೂ 2 ಯೂನಿಟ್ ಸಿಗುತ್ತಿತ್ತು. ಸುಮ್ನೆ ದಂಡ ಅಂತ ಕಟ್ಟಲಿಲ್ಲ. ಆ ದುಡ್ಡಲ್ಲಿ ಯುದ್ಧನೌಕೆ ಕಟ್ಟಿ, ಓರಿಯನ್ ಅನ್ನೋ ನಕ್ಷತ್ರ ಕಾಯುವ ಗಾರ್ಡಿಯನ್ ಎಂಬ ದೈತ್ಯ ಹಡಗಿನ ಮೇಲೆ ಹೋಗಲಿ ಅಂತ ನಕ್ಷೆಯ ಆ ತುದಿಗೆ ಕಳಿಸಿದ್ದೆ.

ಎದುರಾಳಿ ಜನಾಂಗವಾದ ಸಕ್ರಾಗಳು ನನ್ನ ರಾಜಧಾನಿ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಪುಟ್ಟ ಹಡಗು ತಂದು ಆ ಹಸಿರು ಗ್ರಹದ ಮೇಲೆ ನಿಲ್ಲಿಸಿದರು, ಅಷ್ಟೇ. ದಿಗ್ಬಂಧನ ಬಿದ್ದ ಕಡೆಯಿಂದ ಊಟ ಹೊರಗೆ ಹೋಗಲ್ಲ. ಬಾಂಬಿಲ್ಲ, ಗುಂಡಿಲ್ಲ. ಟರ್ನ್ ಒತ್ತಿದೆ, ಒಂದು ಕಾಲೊನಿಯಲ್ಲಿ ಹಸಿವು. ಮತ್ತೆ ಒತ್ತಿದೆ, ಮೂರರಲ್ಲಿ. ನನ್ನ ನೌಕಾಪಡೆ ವಾಪಸ್ ಬರೋಕೆ ಇನ್ನೂ ಏಳು ಟರ್ನ್!

ಶೂಟರ್‌ನಲ್ಲಿ ಸೋತರೆ ಎದುರಿನವನ ಕೈ ಚುರುಕು ಅಂತೀವಿ, ಅಲ್ವಾ? ಇಲ್ಲಿ ಹಾಗೆ ಹೇಳೋಕೆ ಆಗಲಿಲ್ಲ. ನಲವತ್ತು ಟರ್ನ್ ಹಿಂದೆಯೇ ಸೋತಿದ್ದೆ, ಗೊತ್ತಾಗಿದ್ದು ಈಗ. ಸಿಟ್ಟು ಬರಬೇಕಿತ್ತು. ರಾತ್ರಿ ಎರಡು ಗಂಟೆಗೆ ಎಡಗೈಯಲ್ಲೇ ಹೊಸ ಆಟ ಶುರು ಮಾಡಿದೆ.

ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಟ್ಯುಟೋರಿಯಲ್ ನೋಡಿದ್ದರೆ ಯಾರೋ ಮೊದಲ ನಿಮಿಷದಲ್ಲೇ "ಫಾರ್ಮ್ ಕಟ್ಟಿ" ಅಂದಿರೋರು, ನಾನು ಕಟ್ಟಿರುತ್ತಿದ್ದೆ, ಎರಡು ದಿನಕ್ಕೆ ಬೇಜಾರಾಗಿ ಬಿಟ್ಟಿರುತ್ತಿದ್ದೆ. ಸುಲಭದ್ದೂ ಬೇಡ. ಇದನ್ನೇ ಹಿಡಿಯಿರಿ, ಇಲ್ಲ ಚಿತ್ರ ಚೆನ್ನಾಗಿರಲೇಬೇಕು ಅಂದರೆ 2017ರ ಎಂಡ್‌ಲೆಸ್ ಸ್ಪೇಸ್ 2. ಎಲ್ಲರೂ ಸ್ಟೆಲಾರಿಸ್ ಅಂತಾರೆ. ಒಳ್ಳೆಯ ಗೇಮೇ, ಆದರೆ ಅದು ಟರ್ನ್ ಬೇಸ್ಡ್ ಅಲ್ಲ, ಅಲ್ಲಿ ಕಾಲ ತಾನಾಗಿ ಓಡುತ್ತೆ, ನಿಲ್ಲಿಸೋಕೆ ನೀವು ಪಾಝ್ ಒತ್ತಿಕೊಳ್ಳಬೇಕು. ಮೊದಲ ಆಟ ಪೂರ್ತಿ ಸೋಲಿ. ನಡುವೆ ಹಳೇ ಸೇವ್‌ಗೆ ಹೋಗಬೇಡಿ.

ಪ್ಲಾಸ್ಟರ್ ಬಿಚ್ಚಿದ ದಿನ ಹಳೇ ಶೂಟರ್ ತೆರೆದೆ. ಇಪ್ಪತ್ತು ನಿಮಿಷ ಆಡಿ ಮುಚ್ಚಿದೆ. ಓರಿಯನ್ ಆಟದಲ್ಲಿ ನನ್ನ ಸಿಲಾನ್‌ಗಳ ಫಾರ್ಮ್ ಮುಗಿಯೋಕೆ ಎರಡೇ ಟರ್ನ್ ಬಾಕಿ ಇತ್ತು.