ಮೊನೆಯ ತೂಕ ಒಂಟಿ ಅಂಕಿಯಲ್ಲ: ಜಮಖಂಡಿಯ ಬರಹಗಾರರೊಬ್ಬರಿಗೆ ಉತ್ತರ

ಮಾನ್ಯರೇ, ನಮಸ್ಕಾರ.

‘ಬಾಣದ ಮೊನೆ: ಯಾವ ತೂಕ ಒಳ್ಳೆಯದು?’ ಎಂಬ ನಿಮ್ಮ ಲೇಖನ ಬೆಳಗಾವಿಯ ನಮ್ಮ ಕಚೇರಿಗೆ ತಲುಪಿದೆ. ಈಗಿರುವ ಹಾಗೆ ಹಾಕಲು ಬರುವುದಿಲ್ಲ. ತಿದ್ದಿ ಕಳಿಸಿದರೆ ಹಾಕುತ್ತೇವೆ. ಬಿಲ್ಲು ಹಿಡಿದು ಗೊತ್ತಿರುವವರ ಕೈಬರಹ ಇದು ಎಂಬುದು ಬಿದಿರಿನ ಬಾಣದ ಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಉಳಿದ ಕಡೆ ಯಾವುದೋ ಪಟ್ಟಿ ನೋಡಿ ಬರೆದ ಹಾಗಿದೆ.

ಮೊದಲ ಎರಡು ಪುಟ ತೆಗೆಯಿರಿ. ಏಕಲವ್ಯ ಬೇಡ, ಹಲಗಲಿಯ ಬೇಡರೂ ಬೇಡ. 1857ರ ಆ ಬಂಡಾಯ ಹತಾರ ಕಸಿಯುವ ಕಾಯ್ದೆಯ ವಿರುದ್ಧ ಎದ್ದದ್ದು. 125 ಗ್ರೇನ್ ತೂಕದ ಮೊನೆ ಕೊಳ್ಳಲೋ 175ರದು ಕೊಳ್ಳಲೋ ಎಂದು ಅಂಗಡಿಯಲ್ಲಿ ನಿಂತವನಿಗೆ ಅದರಿಂದ ಏನೂ ಸಿಗುವುದಿಲ್ಲ. ಮೂರನೇ ಪುಟದ ‘ಮೊನೆ ಬದಲಿಸಿದರೆ ಬಾಣ ಬೀಳುವ ಜಾಗ ಬದಲಾಗುತ್ತದೆ’ ಎಂಬ ಸಾಲಿನಿಂದಲೇ ಲೇಖನ ಶುರುವಾಗಲಿ.

ಆಮೇಲೆ ಅಳತೆ. ನೀವು ಉದ್ದಕ್ಕೂ ‘125 ಗ್ರಾಂ ಮೊನೆ’ ಎಂದು ಬರೆದಿದ್ದೀರಿ. ಅದು ಗ್ರೇನ್. ಒಂದು ಗ್ರಾಂಗೆ 15.43 ಗ್ರೇನ್, ಅಂದರೆ 125 ಗ್ರೇನ್ ಮೊನೆ ತೂಗುವುದು ಸುಮಾರು 8.1 ಗ್ರಾಂ. 125 ಗ್ರಾಂ ಎಂದರೆ ನಾಲ್ಕೈದು ಬಾಣಗಳನ್ನು ಒಟ್ಟಿಗೆ ಕಟ್ಟಿದಷ್ಟು ಭಾರ. ಗ್ರೇನ್ ತಕ್ಕಡಿ ಸಿಗದಿದ್ದರೆ ಪತ್ತಾರರ ಅಂಗಡಿಯಲ್ಲಿ ಗ್ರಾಮಿನ ನೂರನೇ ಒಂದು ಪಾಲು ತೋರಿಸುವ ಯಂತ್ರ ಇರುತ್ತದೆ, ಅಲ್ಲಿ ತೂಗಿ 15.43ರಿಂದ ಗುಣಿಸಿದರಾಯಿತು. ಇದನ್ನೂ ಬರೆಯಿರಿ, ಓದುಗರಿಗೆ ಉಪಯೋಗ. ಅಗ್ಗದ ಮೊನೆಗಳಲ್ಲಿ ಡಬ್ಬಿಯ ಮೇಲಿನ ಅಂಕಿ ಬೇರೆ, ಒಳಗಿನ ತೂಕ ಬೇರೆ ಇರುವುದುಂಟು. ಒಂದು ಜೊತೆಯ ಮೊನೆಗಳು ಒಂದೆರಡು ಗ್ರೇನ್ ಒಳಗೆ ಹೊಂದಬೇಕು.

ಇನ್ನು ಲೇಖನದ ದೊಡ್ಡ ದೋಷ. ‘ಗುರಿ ಅಭ್ಯಾಸಕ್ಕೆ 100, ಬೇಟೆಗೆ 200’ ಎಂದು ಎರಡು ಅಂಕಿ ಕೊಟ್ಟು ಮುಗಿಸಿದ್ದೀರಿ. ಬಿಲ್ಲು ಎಷ್ಟು ಪೌಂಡಿನದು (ಎಳೆಯಲು ಬೇಕಾದ ಬಲ), ಶಾಫ್ಟ್ (ಬಾಣದ ಕೋಲು) ಎಷ್ಟು ಉದ್ದ, ಸ್ಪೈನ್ (ಆ ಕೋಲಿನ ಬಾಗುವಿಕೆಯ ಅಳತೆ) ಎಷ್ಟು ಎಂದು ಹೇಳದೆ ಮೊನೆಯ ತೂಕ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ಹೆದೆ ಬಿಟ್ಟಾಗ ಹಿಂದಿನಿಂದ ನೂಕು ಬೀಳುತ್ತದೆ, ಮುಂದಿನ ಭಾರ ಜಗ್ಗದೆ ನಿಲ್ಲುತ್ತದೆ, ನಡುವೆ ಶಾಫ್ಟ್ ಬಾಗುತ್ತದೆ. ಆ ಬಾಗು ಬಿಲ್ಲಿನ ಹಿಡಿಯನ್ನು ಸುತ್ತಿ ದಾಟುವಷ್ಟೇ ಇರಬೇಕು. ಮೊನೆ ಭಾರವಾದರೆ ಬಾಗು ಹೆಚ್ಚುತ್ತದೆ, ಬಾಣ ಮೆತ್ತಗಾದಂತೆ ವರ್ತಿಸುತ್ತದೆ. ನೀವು ಇದನ್ನು ತಿರುಗಾಮುರುಗಾ ಬರೆದಿದ್ದೀರಿ: ‘ಭಾರದ ಮೊನೆ ಬಾಣವನ್ನು ಗಟ್ಟಿ ಮಾಡುತ್ತದೆ’ ಎಂದು. ಅದನ್ನು ನಂಬಿ ಕೊಂಡವನ ದುಡ್ಡು ಹಾಳು.

ಸ್ಪೈನ್ ಅಂಕಿಯ ಬಗ್ಗೆಯೂ ಎರಡು ಸಾಲು ಬೇಕು. ಕಾರ್ಬನ್ ಶಾಫ್ಟನ್ನು 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 1.94 ಪೌಂಡ್ ತೂಗುಹಾಕಿದಾಗ ಅರ್ಧ ಇಂಚು ಬಾಗಿದರೆ ಅದು 500. ಅಂಕಿ ಎಂದರೆ ಬಾಗಿದ್ದು ಇಂಚಿನ ಸಾವಿರದ ಎಷ್ಟು ಪಾಲು ಎಂಬುದು, ಹಾಗಾಗಿ 400 ಎಂದರೆ 500ಕ್ಕಿಂತ ಗಟ್ಟಿ. ಮರದ ಶಾಫ್ಟಿನ ಸ್ಪೈನನ್ನು ಪೌಂಡಿನಲ್ಲಿ ಹೇಳುತ್ತಾರೆ, ಅಲ್ಲಿ ದೊಡ್ಡ ಅಂಕಿಯೇ ಗಟ್ಟಿ. ಹೊಸಬರು ಎಡವುವುದು ಇಲ್ಲೇ. ಬಿಲ್ಲಿನ ಮೇಲೆ ‘40 ಪೌಂಡ್, 28 ಇಂಚಿಗೆ’ ಎಂದು ಬರೆದಿದ್ದರೂ 26 ಇಂಚು ಮಾತ್ರ ಎಳೆಯುವವನ ಬೆರಳಿಗೆ ಬರುವುದು ಸುಮಾರು 35. ಹಿಡಿಯನ್ನು ನಡುಗೆರೆಯವರೆಗೆ ಕೊರೆಯದ ಉದ್ದಬಿಲ್ಲು ಅಷ್ಟೇ ಪೌಂಡಿನ ರಿಕರ್ವ್‌ಗಿಂತ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಮೆತ್ತನೆಯ ಬಾಣ ಕೇಳುತ್ತದೆ. ಹಿಗ್ಗದ ಹೊಸ ನಮೂನೆಯ ಹೆದೆ ಹಾಕಿದರೆ ಹಿಗ್ಗುವ ಡೇಕ್ರಾನ್ ದಾರದ ಹೆದೆಗಿಂತ ತುಸು ಗಟ್ಟಿ ಬಾಣ ಬೇಕಾಗುತ್ತದೆ.

ಇದನ್ನೆಲ್ಲ ಒಂದು ಉದಾಹರಣೆಯಲ್ಲಿ ಕಟ್ಟಿಕೊಡಿ. ಇಂಚಿಗೆ 8 ಗ್ರೇನ್ ತೂಗುವ 29 ಇಂಚಿನ ಶಾಫ್ಟ್: 232. ಇನ್ಸರ್ಟ್ (ಮೊನೆ ತಿರುಪಲು ಶಾಫ್ಟಿನೊಳಗೆ ಕೂರಿಸುವ ತುಂಡು) 20, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿಯ ಸೀಳು) 10, ಮೂರು ಗರಿ 8. ಒಟ್ಟು 270. ಇದಕ್ಕೆ 125 ಹಾಕಿದರೆ 395, 175 ಹಾಕಿದರೆ 445, 200 ಹಾಕಿದರೆ 470. ಕೈಯಲ್ಲಿ 40 ಪೌಂಡ್ ಬರುವ ಬಿಲ್ಲಿಗೆ ಭಾಗಿಸಿದರೆ ಪೌಂಡಿಗೆ 9.9, 11.1, 11.75 ಗ್ರೇನ್. ಸಾಂಪ್ರದಾಯಿಕ ಬಿಲ್ಲಿನಲ್ಲಿ ಗುರಿ ಅಭ್ಯಾಸಕ್ಕೆ 8ರಿಂದ 10 ಸಾಕು, ಬೇಟೆಯವರು 10ರ ಮೇಲೆ ಇಟ್ಟುಕೊಳ್ಳುತ್ತಾರೆ. ವೇಗದ ಆಸೆಗೆ 85 ಗ್ರೇನ್ ಮೊನೆ, ಹಗುರ ಶಾಫ್ಟ್ ಎಂಬ ನಿಮ್ಮ ಸಲಹೆಯನ್ನು ನಾವು ಅಚ್ಚು ಹಾಕುವುದಿಲ್ಲ. ಪೌಂಡಿಗೆ 8ಕ್ಕಿಂತ ಬಹಳ ಕೆಳಗಿಳಿದರೆ ಬಾಣ ತೆಗೆದುಕೊಳ್ಳದ ಶಕ್ತಿ ಬಿಲ್ಲಿನ ರೆಕ್ಕೆಗಳಿಗೇ (ಹಿಡಿಯ ಮೇಲೆ ಕೆಳಗೆ ಬಾಗುವ ಭಾಗ) ಮರಳುತ್ತದೆ. ಸದ್ದು, ಕಂಪನ, ಕೊನೆಗೆ ಮರದಲ್ಲಿ ಬಿರುಕು.

ಲೇಖನದ ಹೊಟ್ಟೆ ಪರೀಕ್ಷೆಯ ಭಾಗವಾಗಬೇಕು. ನೀವು ಅದನ್ನು ‘ಹೊಡೆದು ನೋಡಿ ಹೊಂದಿಸಿಕೊಳ್ಳಿ’ ಎಂದು ಒಂದೇ ಸಾಲಿನಲ್ಲಿ ಹಾರಿಸಿದ್ದೀರಿ. ಕ್ರಮ ಹೀಗಿರಲಿ. 100, 125, 145, 175, 200ರ ಒಂದೊಂದು ಜೊತೆ ತಿರುಪಿನ ಮೊನೆ ತರುವುದು, ಸಂಘದಲ್ಲಿ ನಾಲ್ಕು ಜನ ಹಂಚಿಕೊಂಡರೆ ಖರ್ಚು ಇಳಿಯುತ್ತದೆ. ಶಾಫ್ಟನ್ನು ಮೊದಲೇ ಕತ್ತರಿಸಬಾರದು. ಗರಿ ಇರುವ ಮೂರು ಬಾಣ, ಗರಿ ಇಲ್ಲದ ಎರಡು ಬಾಣ, ಎಲ್ಲಕ್ಕೂ ಒಂದೇ ಮೊನೆ. ಮೊದಲು 10 ಮೀಟರ್, ಗುಂಪು ಕೂಡಿದ ಮೇಲೆ 18. ಗಾಳಿ ಏಳುವ ಮೊದಲು, ಬೆಳಿಗ್ಗೆ. ಆಷಾಢದ ಗಾಳಿಯಲ್ಲಿ ವಿಜಯಪುರ, ಬಾಗಲಕೋಟೆಯ ಬಯಲಿನಲ್ಲಿ ಗರಿ ಇಲ್ಲದ ಬಾಣ ಹೇಳುವುದೆಲ್ಲ ಸುಳ್ಳು.

ಮೊದಲು ಮೇಲೆ ಕೆಳಗೆ ನೋಡಬೇಕು, ಎಡ ಬಲ ಆಮೇಲೆ. ಗರಿ ಇಲ್ಲದ್ದು ಗರಿ ಇರುವವಕ್ಕಿಂತ ಮೇಲೆ ಬಿದ್ದರೆ ಹೆದೆಯ ಮೇಲಿನ ನಾಕ್ ಗುರುತು ಕೆಳಗಿದೆ, ಏರಿಸಬೇಕು. ಕೆಳಗೆ ಬಿದ್ದರೆ ಇಳಿಸಬೇಕು. ಅದು ಸರಿಯಾದ ಮೇಲೆ, ಬಲಗೈಯಲ್ಲಿ ಎಳೆಯುವವನ ಗರಿ ಇಲ್ಲದ ಬಾಣ ಎಡಕ್ಕೆ ಹೋದರೆ ಬಾಣ ಗಟ್ಟಿ, ಇನ್ನೂ ಭಾರದ ಮೊನೆ ಹಾಕಿ. ಬಲಕ್ಕೆ ಹೋದರೆ ಮೆತ್ತಗೆ, ಹಗುರ ಮೊನೆ ಹಾಕಿ ಅಥವಾ ಶಾಫ್ಟನ್ನು ಸಲಕ್ಕೆ ಕಾಲು ಇಂಚಿನಷ್ಟು ಕತ್ತರಿಸಿ. ಎಡಗೈಯವರಿಗೆ ಉಲ್ಟಾ. ಕತ್ತರಿಸಿದ್ದು ಮರಳಿ ಬರುವುದಿಲ್ಲ, ಮೊನೆ ತಿರುಪಿ ತೆಗೆಯಬಹುದು. ಆದ್ದರಿಂದ ಮೊನೆಯ ಪ್ರಯೋಗ ಮುಗಿದ ಮೇಲೆಯೇ ಗರಗಸ.

ಇಲ್ಲೊಂದು ಮೋಸ ಇದೆ, ಅದನ್ನು ನೀವು ಮುಟ್ಟಿಯೇ ಇಲ್ಲ. ತೀರಾ ಮೆತ್ತನೆಯ ಬಾಣ ಹಿಡಿಯ ಪಕ್ಕಕ್ಕೆ ಬಡಿದು ಎಡಕ್ಕೆ ಚಿಮ್ಮುತ್ತದೆ, ನೋಡುವವನಿಗೆ ಗಟ್ಟಿ ಬಾಣದ ಹಾಗೆಯೇ ಕಾಣುತ್ತದೆ. ಅವನು ಇನ್ನೂ ಭಾರದ ಮೊನೆ ಹಾಕುತ್ತಾನೆ, ಬಾಣ ಇನ್ನೂ ಎಡಕ್ಕೆ. ಹೀಗಾದರೆ ನಿಂತು, ಬಾಣ ಕೂರುವ ಜಾಗಕ್ಕೂ ಅದರ ಪಕ್ಕಕ್ಕೂ ಟಾಲ್ಕಂ ಪೌಡರ್ ಹಚ್ಚಿ ಒಂದು ಬಾಣ ಬಿಡಬೇಕು. ವಿಭೂತಿಯಾದರೂ ನಡೆದೀತು. ಪುಡಿ ಒರೆಸಿಹೋದ ಗೆರೆ ಕಂಡರೆ ಬಾಣ ತಾಗುತ್ತಿದೆ, ಹಗುರ ಮೊನೆಗೆ ಇಳಿಯಬೇಕು.

ಜೋಳದ ಕಣಿಕೆಯ ಪೆಂಡಿಯೇ ಅಗ್ಗದ ಗುರಿ ಎಂದಿದ್ದೀರಿ, ಖರೆ. ಆದರೆ ಅದರಲ್ಲಿ ಚುಚ್ಚಿ ನಿಂತ ಬಾಣದ ಓರೆ ನೋಡಿ ತೀರ್ಪು ಕೊಡುವಂತಿಲ್ಲ. ಕಣಿಕೆಯ ಗಿಣ್ಣು ಮೊನೆಯನ್ನು ತಿರುಗಿಸುತ್ತದೆ. ಬಿದ್ದ ಜಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಮುಂಭಾರದ, ಅಂದರೆ ಬಾಣ ಸಮತೂಗುವ ಜಾಗ ನಡುವಿನಿಂದ ಎಷ್ಟು ಮುಂದಿದೆ ಎಂಬುದರ, ಲೆಕ್ಕವನ್ನೂ ತಿದ್ದಿ. ಉದ್ದ ಅಳೆಯುವುದು ನಾಕ್‌ನ ಸೀಳಿನ ತಳದಿಂದ ಶಾಫ್ಟಿನ ತುದಿಯವರೆಗೆ, ನೀವು ಮೊನೆಯನ್ನೂ ಸೇರಿಸಿದ್ದೀರಿ. ಮೇಲಿನ 125 ಗ್ರೇನ್ ಬಾಣ ಬೆರಳ ಮೇಲೆ ನಾಕ್‌ನಿಂದ 19.25 ಇಂಚಿಗೆ ಸಮತೂಗಿದರೆ, 29ರ ಅರ್ಧ 14.5 ಕಳೆದು ಉಳಿದ 4.75ನ್ನು 29ರಿಂದ ಭಾಗಿಸಬೇಕು. ಶೇ. 16.4. ಅದೇ ಬಾಣಕ್ಕೆ 200 ಹಾಕಿದರೆ ಸಮತೂಕ 21 ಇಂಚಿನ ಹತ್ತಿರ ಬಂದು ಶೇ. 22 ದಾಟುತ್ತದೆ. ಮುಂಭಾರ ಹೆಚ್ಚಾದ ಬಾಣವನ್ನು ಗರಿ ಬೇಗ ನೇರಕ್ಕೆ ತರುತ್ತದೆ. ಆದರೆ ಒಟ್ಟು ತೂಕವೂ ಏರಿರುವುದರಿಂದ ದೂರಕ್ಕೆ ಹೆಚ್ಚು ಇಳಿಯುತ್ತದೆ. 18 ಮೀಟರಿಗೆ ಇದು ತೊಂದರೆಯಲ್ಲ, 50 ಮೀಟರಿಗೆ ಮೊನೆಯನ್ನು ಗುರಿಗಿಂತ ಎಷ್ಟೋ ಮೇಲೆ ಹಿಡಿಯಬೇಕಾಗುತ್ತದೆ. ದೂರದ ಸ್ಪರ್ಧೆಯವರು ಹಗುರಕ್ಕೆ ಒಲಿಯುವುದು ಇದಕ್ಕೇ.

‘ಭಾರದ ಬಾಣ ನಿಧಾನ, ಆದ್ದರಿಂದ ಕಡಿಮೆ ಆಳ ಹೋಗುತ್ತದೆ’ ಎಂಬ ವಾಕ್ಯದ ಮೊದಲರ್ಧ ಸರಿ, ಉಳಿದರ್ಧ ತಪ್ಪು. ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಹೆಚ್ಚು ಹೀರಿಕೊಂಡು ಹೊರಡುತ್ತದೆ, ಅದರ ಸಂವೇಗವೂ ಹೆಚ್ಚು. ಓಲಾಡದೆ ನೇರ ಹೋದರೆ ಆಳ ಹೆಚ್ಚೇ.

ಬೇಟೆಯ ಭಾಗದ ಬಗ್ಗೆ ನಮ್ಮ ಮಾತು ಕಡಾಖಂಡಿತ. ಖಾನಾಪುರದ ಕಾಡಂಚಿನಲ್ಲಿ ಹಂದಿಗೆ ಗುರಿ ಇಡುವ ವರ್ಣನೆ ಪೂರ್ತಿ ಹೋಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯ ಪ್ರಯತ್ನವೂ ಬೇಟೆಯೇ, ಮೇಲಾಗಿ ಅದೇ ತಾಲೂಕಿನಲ್ಲಿ ಭೀಮಗಡ ಅಭಯಾರಣ್ಯವಿದೆ. ಬೆಳೆ ಹಾಳುಮಾಡಿದ ಹಂದಿಯನ್ನೂ ನಮ್ಮಿಷ್ಟಕ್ಕೆ ಹೊಡೆಯುವಂತಿಲ್ಲ. ಬಿಲ್ಲುಬೇಟೆಗೆ ಪರವಾನಗಿ ಕೊಡುವ ಅಮೆರಿಕದಂಥ ದೇಶಗಳ ರೂಢಿ ಎಂದು ಸ್ಪಷ್ಟವಾಗಿ ಹೇಳಿ ಒಂದು ಪ್ಯಾರಾ ಬರೆಯಬಹುದು: ಅಲಗಿನ ಮೊನೆಯ ತೂಕ ಅಭ್ಯಾಸದ ಮೊನೆಯಷ್ಟೇ ಇರಬೇಕು, ಅಲಗು ಶಾಫ್ಟಿನ ನೇರಕ್ಕೆ ಕೂತಿರಬೇಕು, ತಿರುಗಿಸಿದಾಗ ತುದಿ ಓಲಾಡಿದರೆ ಆ ಬಾಣ ಬಳಸುವಂತಿಲ್ಲ. ಅಷ್ಟು ಸಾಕು.

ಬಿದಿರಿನ ಬಾಣದ ಭಾಗ ಹಾಗೆಯೇ ಇರಲಿ. ಪ್ರತಿ ಕಡ್ಡಿಯನ್ನೂ ತೂಗಿ, ಬಾಗಿಸಿ ನೋಡಿ ಜೋಡಿ ಮಾಡುವ ಕ್ರಮ ಚೆನ್ನಾಗಿ ಬಂದಿದೆ. ಮಳೆಗಾಲದಲ್ಲಿ ಬೆಳಗಾವಿಯ ತೇವಕ್ಕೆ ಮೆರುಗೆಣ್ಣೆ ಹಚ್ಚದ ಬಿದಿರು ನೀರೆಳೆದು ಭಾರವಾಗುತ್ತದೆ, ಮೆತ್ತಗೂ ಆಗುತ್ತದೆ ಎಂದು ಒಂದು ಸಾಲು ಸೇರಿಸಿ. ಅಂಟಿಸುವ ಮೊನೆಯಾದರೆ ಬಿಸಿ ಅಂಟಿಗಾಗಿ ಕಾಯಿಸಬೇಕಾದದ್ದು ಮೊನೆಯನ್ನು, ಶಾಫ್ಟನ್ನಲ್ಲ. ಕಾರ್ಬನ್ ಶಾಫ್ಟಿಗೆ ಬೆಂಕಿ ತೋರಿಸಿದರೆ ಒಳಗಿನ ರಾಳ ಕೆಟ್ಟು ಶಾಫ್ಟ್ ಒಡೆಯುತ್ತದೆ.

ತಿದ್ದಿದ ಪ್ರತಿ 1200 ಪದ ಮೀರದಿರಲಿ. ಮೊನೆಯ ತೂಕ ಬಂದಲ್ಲೆಲ್ಲ ಪಕ್ಕದಲ್ಲೇ ಬಿಲ್ಲಿನ ಪೌಂಡ್, ಶಾಫ್ಟಿನ ಉದ್ದ, ಸ್ಪೈನ್ ಮೂರೂ ಇರಬೇಕು. ಇಲ್ಲದಿದ್ದರೆ ಆ ಅಂಕಿಯನ್ನು ನಾವೇ ಹೊಡೆದುಹಾಕುತ್ತೇವೆ. ಕಳಿಸಿದ ಮೂರು ಫೋಟೋಗಳಲ್ಲಿ ಎರಡನ್ನು ಬಳಸುತ್ತೇವೆ. ಮೂರನೆಯದರಲ್ಲಿ ಗುರಿಯ ಪಕ್ಕ ಹುಡುಗನೊಬ್ಬ ನಿಂತಿರುವಾಗಲೇ ಬಿಲ್ಲು ಎಳೆದಿದ್ದಾರೆ, ಅದನ್ನು ಹಾಕುವುದಿಲ್ಲ. ಅದರ ಬದಲು ತಕ್ಕಡಿಯ ಮೇಲೆ ಮೊನೆ ಇಟ್ಟು, ಅಂಕಿ ಕಾಣುವಂತೆ ತೆಗೆದ ಒಂದು ಫೋಟೋ ಕಳಿಸಿ.

ಸಂಪಾದಕ