ಕ್ಯಾಶ್ ಬಂದದ್ದು ಕಾಸಿನಿಂದಲೇ? ಯಾವ ಕ್ಯಾಶ್, ಮೊದಲು ಅದನ್ನು ಹೇಳಿ

ಪ್ರಶ್ನೆ: ಇಂಗ್ಲಿಷಿನ ‘ಕ್ಯಾಶ್’ ನಮ್ಮ ‘ಕಾಸು’ ಅಲ್ಲವೇ ಸಾರ್? ಒಪ್ಪಿಕೊಳ್ಳಲು ನಮ್ಮ ವಿದ್ವಾಂಸರಿಗೆ ಯಾಕೆ ಧೈರ್ಯ ಸಾಲದು? – ಓದುಗರೊಬ್ಬರು, ರಾಜಾಜಿನಗರ

ನವೆಂಬರ್ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಧೈರ್ಯದ ಮಾತು ಹಾಗಿರಲಿ, ನಿಘಂಟು ತೆಗೆದು ನೋಡಿದ್ದೀರಾ? ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಕ್ಯಾಶ್ ಎರಡು ಸಲ ಬರುತ್ತದೆ. ಸ್ಪೆಲಿಂಗ್ ಒಂದೇ, ಹುಟ್ಟು ಬೇರೆ. ಒಂದರಲ್ಲಿ ನಿಮ್ಮ ವಾದ ಬಿದ್ದುಹೋಗುತ್ತದೆ, ಇನ್ನೊಂದರಲ್ಲಿ ಗೆಲ್ಲುತ್ತದೆ. ಗೆದ್ದದ್ದನ್ನು ಬಿಟ್ಟು ಸೋತದ್ದನ್ನೇ ವಾಟ್ಸಾಪಿನಲ್ಲಿ ಹಂಚುತ್ತೀರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಎಟಿಎಂನಿಂದ ಬರುವ ಕ್ಯಾಶ್ ಮೂಲತಃ ಪೆಟ್ಟಿಗೆ. ಲ್ಯಾಟಿನ್ನಿನ ‘ಕಾಪ್ಸಾ’ ಇಟಾಲಿಯನ್ನಿನಲ್ಲಿ ‘ಕಾಸ್ಸಾ’, ಫ್ರೆಂಚಿನಲ್ಲಿ ‘ಕೆಸ್’ ಆಯಿತು. 16ನೇ ಶತಮಾನದ ಕೊನೆಗೆ ಇಂಗ್ಲಿಷಿನಲ್ಲಿ ಅದಕ್ಕೆ ಹಣದ ಪೆಟ್ಟಿಗೆ ಎಂಬ ಅರ್ಥವೂ ಇತ್ತು. ಆಮೇಲೆ ಪೆಟ್ಟಿಗೆ ಮರೆತುಹೋಗಿ ಒಳಗಿನ ದುಡ್ಡಷ್ಟೇ ಉಳಿಯಿತು. ಚಿಕ್ಕಪೇಟೆಯ ಅಂಗಡಿಯವರು ರಾತ್ರಿ ಬಾಗಿಲು ಹಾಕುವಾಗ ‘ಇವತ್ತು ಗಲ್ಲಾ ಎಷ್ಟಾಯ್ತು?’ ಎನ್ನುತ್ತಾರೆ, ಪೆಟ್ಟಿಗೆ ಎಣಿಸುವುದಕ್ಕಲ್ಲವಲ್ಲ. ಸೂಟ್‌ಕೇಸಿನ ಕೇಸ್, ಹಾಡಿನ ಕ್ಯಾಸೆಟ್, ಔಷಧದ ಕ್ಯಾಪ್ಸೂಲ್, ಬ್ಯಾಂಕಿನ ಕ್ಯಾಷಿಯರ್ ಎಲ್ಲ ಇದೇ ಮನೆತನ.

ಇನ್ನೊಂದು ಕ್ಯಾಶ್, ಅಂದರೆ ಹಿಂದಿನ ಕಾಲದ ಸಣ್ಣ ನಾಣ್ಯ, ನಿಜಕ್ಕೂ ನಮ್ಮ ಕಾಸು. ಈ ಬಿಡಿಗಾಸಿನ ಹೆಸರು ಪೋರ್ಚುಗೀಸರ ಬಾಯಲ್ಲಿ ‘ಕೈಷಾ’ ಆಯಿತು. ಅವರ ಭಾಷೆಯಲ್ಲಿ ಪೆಟ್ಟಿಗೆಗೂ ಕೈಷಾ ಎಂದೇ ಹೆಸರು, ಗೋಜಲಿಗೆ ಅಷ್ಟು ಸಾಕಾಯಿತು. ಅವರಿಂದ ಇಂಗ್ಲಿಷರಿಗೆ ಹೋಗಿ ಕ್ಯಾಶ್. ಮದರಾಸಿನ ಹಳೆಯ ಲೆಕ್ಕದಲ್ಲಿ 80 ಕ್ಯಾಶಿಗೆ ‘ಹಣ’ ಎಂಬ ಒಂದು ನಾಣ್ಯ, ಅಂಥ 42 ಹಣಕ್ಕೆ ಒಂದು ಚಿನ್ನದ ವರಹ. ಮದರಾಸಿಗೆಂದು ಈಸ್ಟ್ ಇಂಡಿಯಾ ಕಂಪನಿ 1803ರಲ್ಲಿ ಇಂಗ್ಲೆಂಡಿನಲ್ಲಿ ಟಂಕಿಸಿದ ತಾಮ್ರದ ನಾಣ್ಯದ ಮೇಲೆ ರೋಮನ್ ಅಂಕಿಯಲ್ಲಿ ಇಪ್ಪತ್ತು, ಜೊತೆಗೆ ‘ಕ್ಯಾಶ್’ ಎಂದಿದೆ. ಅಷ್ಟು ದೂರ ಯಾಕೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಚಿತ್ರದ ತಾಮ್ರದ ನಾಣ್ಯ ಸಿಕ್ಕರೆ ತಿರುಗಿಸಿ ನೋಡಿ: ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷ್ ಅಕ್ಷರದಲ್ಲಿ ‘ಕ್ಯಾಶ್’. ಇದಕ್ಕಿಂತ ಸಾಕ್ಷಿ ಬೇಕೆ? ಇದೇ ಹೆಸರನ್ನು ಇಂಗ್ಲಿಷರು ಚೀನಾದವರೆಗೂ ಹೊತ್ತುಕೊಂಡು ಹೋದರು. ನಡುವೆ ಚೌಕ ತೂತಿರುವ ಚೀನೀ ನಾಣ್ಯಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ಕ್ಯಾಶ್ ಎನ್ನುತ್ತಾರೆ. ಯೂಲ್ ಮತ್ತು ಬರ್ನೆಲ್ 1886ರಲ್ಲೇ ‘ಹಾಬ್ಸನ್-ಜಾಬ್ಸನ್’ ಎಂಬ, ಭಾರತದ ಇಂಗ್ಲಿಷರ ಮಾತಿನ ನಿಘಂಟಿನಲ್ಲಿ ಈ ಕಾಸಿನ ಕಥೆ ಬರೆದಿಟ್ಟಿದ್ದಾರೆ, ಯಾರೂ ಮುಚ್ಚಿಟ್ಟಿಲ್ಲ.

ನಿಘಂಟುಗಳು ‘ತಮಿಳು ಕಾಸು’ ಎಂದು ಬರೆದಿವೆ ಅಂತ ಇನ್ನೊಂದು ಜಗಳ ತೆಗೆಯಬೇಡಿ. ಪದ ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಇದೆ. ಅದರ ಹಿಂದೆ ಸಂಸ್ಕೃತದ ‘ಕರ್ಷ’ ಎಂಬ ತೂಕದ ಹೆಸರನ್ನು ಕಾಣುವವರೂ ಇದ್ದಾರೆ.

ಯೂಟ್ಯೂಬಿನಲ್ಲಿ ಸದ್ದಿಗೆ ಸದ್ದು ಜೋಡಿಸಿ ‘ಮೂಲ’ ಹೇಳುವ ಪಂಡಿತರಿಗೆ ಒಂದು ಪ್ರಶ್ನೆ. ‘ಬದ್ಮಾಷ್’ ಪದದ ‘ಬದ್’ ಪಾರಸಿ, ಅರ್ಥ ಕೆಟ್ಟದ್ದು. ಇಂಗ್ಲಿಷಿನ ‘ಬ್ಯಾಡ್’ ಅರ್ಥವೂ ಕೆಟ್ಟದ್ದು. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಸದ್ದು, ಅರ್ಥ ಎರಡೂ ಕೂಡಿಬಂದಾಗಲೇ ಹೀಗಾದರೆ, ಬರೀ ಸದ್ದು ನಂಬಿಕೊಂಡ ನಿಮ್ಮ ಕುರುಡುಕಾಸು ಎಲ್ಲಿ ಚಲಾವಣೆಯಾದೀತು?

ಗೋಡಂಬಿ ಹಿಂದೆ ಕಾಸಿನ ಬದಲು ಓಡಾಡುತ್ತಿತ್ತಂತೆ, ಅದಕ್ಕೇ ‘ಕ್ಯಾಶ್ಯೂ’ ಅಂತೆ. ನಿಜವೇ?

ಅಲ್ಲ. ಬ್ರೆಜಿಲಿನ ಟೂಪಿ ಭಾಷೆಯ ಪದ, ಪೋರ್ಚುಗೀಸಿನ ‘ಕಾಜು’ ಮೂಲಕ ಬಂದದ್ದು.

ಸೈನ್ಯದಿಂದ ವಜಾ ಮಾಡುವುದಕ್ಕೂ ‘ಕ್ಯಾಷಿಯರ್’ ಎನ್ನುತ್ತಾರೆ. ದುಡ್ಡು ನುಂಗಿದವರಿಗೆ ಮಾತ್ರವೇ?

ಯಾರಿಗಾದರೂ ಸರಿ. ಅದು ಬೇರೆಯೇ ಪದ, ಫ್ರೆಂಚಿನಲ್ಲಿ ಮುರಿ, ರದ್ದು ಮಾಡು ಎನ್ನುವ ಕ್ರಿಯಾಪದದ ಕಡೆಯದು.

ನಾಲ್ಕು ದಿಕ್ಕುಗಳ ಮೊದಲ ಅಕ್ಷರ ಸೇರಿ ‘ನ್ಯೂಸ್’ ಆಯಿತಂತೆ?

‘ನ್ಯೂ’ ಪದದ ಬಹುವಚನ ಅಷ್ಟೇ. ದಿಕ್ಕು ನೋಡುವ ಕೆಲಸ ವಾಸ್ತುವಿನವರಿಗೆ ಬಿಡಿ.

ನಾನು 500 ಇಂಗ್ಲಿಷ್ ಪದಗಳಿಗೆ ಕನ್ನಡ ಮೂಲ ಹುಡುಕಿದ್ದೇನೆ. ಮುನ್ನುಡಿ ಬರೆದುಕೊಡುವಿರಾ?

ಪ್ರತಿ ಪದದ ಮುಂದೆ ಅದು ಬರಹದಲ್ಲಿ ಮೊದಲು ಸಿಕ್ಕ ಇಸವಿ, ಆಗಿನ ಅರ್ಥ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಇಷ್ಟು ಬರೆದು ಕಳಿಸಿ. ಎಷ್ಟು ಪದ ಉಳಿಯುತ್ತವೋ ನೋಡಿಕೊಂಡು ಮುನ್ನುಡಿಯ ಮಾತಾಡೋಣ.