ಚರ್ಚ್ ಬಾಗಿಲಿಗೆ ಬಂದ ಪರದೇಶದವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎಲ್ಲರನ್ನೂ ಪ್ರೀತಿಸಿ ಅಂತ ಏಸು ಹೇಳಿದ. ಆದರೆ ಅಮೆರಿಕದಲ್ಲಿ ವಾರ ತಪ್ಪದೆ ಚರ್ಚ್‌ಗೆ ಹೋಗುವವರೇ ವಲಸೆ ಬಂದವರನ್ನು ವಾಪಸ್ ಕಳಿಸಿ ಅಂತಾರೆ. ನನ್ನ ತಂಗಿಯ ಕುಟುಂಬ ಅಲ್ಲಿ ಗ್ರೀನ್ ಕಾರ್ಡ್‌ಗೆ ಕಾಯುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ. ಬೈಬಲ್‌ನಲ್ಲಿ ನಿಜಕ್ಕೂ ಏನಿದೆ? (ದಾವಣಗೆರೆಯಿಂದ)

ಉತ್ತರ: ಸ್ಪಷ್ಟವಾಗೇ ಇದೆ. ಯಾಜಕಕಾಂಡ 19ರಲ್ಲಿ ಇದು ಆಜ್ಞೆ: ನಿಮ್ಮ ನಡುವೆ ಬಂದು ನೆಲೆಸಿದ ಪರದೇಶದವರನ್ನು ನಿಮ್ಮವರಂತೆಯೇ ಪ್ರೀತಿಸಿ, ನೀವೂ ಐಗುಪ್ತದಲ್ಲಿ (ಈಜಿಪ್ಟ್) ಪರದೇಶದವರಾಗಿದ್ದಿರಿ. ಮೋವಾಬ್ ದೇಶದ ರೂತ್ ಗಂಡ ಸತ್ತ ಮೇಲೆ ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದು, ಕಂಡವರ ಹೊಲದಲ್ಲಿ ಹಕ್ಕಲು ಆಯ್ದು ಹೊಟ್ಟೆ ಹೊರೆದವಳು, ದಾವೀದ ರಾಜ ಅವಳ ಮರಿಮಗ. ಏಸು ಕೂಸಾಗಿದ್ದಾಗ ಹೆರೋದ ರಾಜನಿಗೆ ಹೆದರಿ ತಂದೆತಾಯಿ ರಾತ್ರೋರಾತ್ರಿ ಐಗುಪ್ತಕ್ಕೆ ಓಡಿದರು. ಮತ್ತಾಯ 25ರಲ್ಲಂತೂ ಕೊನೆಯ ತೀರ್ಪಿನ ದಿನ ಕೇಳುವ ಪ್ರಶ್ನೆಗಳಲ್ಲೇ ಇದೂ ಒಂದು, ನಾನು ಪರದೇಶದವನಾಗಿ ಬಂದಾಗ ಮನೆಗೆ ಸೇರಿಸಿಕೊಂಡಿರಾ ಇಲ್ವಾ ಅಂತ.

ಹಾಗಾದರೆ ಜಗಳ ಯಾಕೆ? ಬೇಡ ಅನ್ನುವವರೂ ಬೈಬಲ್ ಹಿಡಿದೇ ಮಾತಾಡುತ್ತಾರೆ. 2018ರಲ್ಲಿ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿದಾಗ ಅಮೆರಿಕದ ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್, ಸರ್ಕಾರಕ್ಕೆ ವಿಧೇಯರಾಗಿರಿ ಅನ್ನುವ, ಬೈಬಲ್‌ನ ‘ರೋಮಾಪುರದವರಿಗೆ’ ಪತ್ರದ 13ನೇ ಅಧ್ಯಾಯ ತೋರಿಸಿದರು. 2025ರ ಜನವರಿಯಲ್ಲಿ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ಮೊದಲು ಮನೆಯವರು, ಆಮೇಲೆ ನೆರೆಯವರು, ಆಮೇಲೆ ದೇಶದವರು, ಉಳಿದವರೆಲ್ಲ ಕೊನೆಗೆ, ಪ್ರೀತಿಗೂ ಒಂದು ಸಾಲು ಇದೆ ಅಂದರು. ಅವರು ಕ್ಯಾಥೊಲಿಕರು. ಮರುತಿಂಗಳೇ ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪರಿಗೆ ಪತ್ರ ಬರೆದು, ಆ ಸಾಲು ಯಾವುದು ಅಂತ ತಿಳಿಯಬೇಕಾದರೆ ಒಳ್ಳೆಯ ಸಮಾರ್ಯದವನ ಕತೆಯನ್ನು ಧ್ಯಾನಿಸಿ ಅಂತ ತಿಳಿಸಿದರು. ಏಸು ಹೇಳಿದ ಆ ಕತೆಯಲ್ಲಿ ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿಕೊಂಡವನು ಅವನ ಊರಿನವನೂ ಅಲ್ಲ, ಪಂಗಡದವನೂ ಅಲ್ಲ.

ಹಾಗಂತ ಗಡಿಯೇ ಬೇಡ ಅಂತ ಚರ್ಚ್ ಹೇಳುವುದಿಲ್ಲ. ಉಳ್ಳ ದೇಶಗಳು ಕೈಲಾದಷ್ಟು ಜನರನ್ನು ಸೇರಿಸಿಕೊಳ್ಳಬೇಕು, ಸರ್ಕಾರ ಷರತ್ತು ಹಾಕಬಹುದು, ಬಂದವರು ಅಲ್ಲಿನ ಕಾನೂನು ಪಾಲಿಸಬೇಕು. ಕ್ಯಾಥೊಲಿಕ್ ಬೋಧನೆಯಲ್ಲಿ ಈ ಮೂರೂ ಮಾತು ಒಟ್ಟಿಗೇ ಇವೆ. ಎಷ್ಟು ಜನಕ್ಕೆ ವೀಸಾ ಕೊಡಬೇಕು ಅನ್ನೋದರಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯ ಇರಲಿ. ಆದರೆ ಒಂದು ಮಗುವನ್ನು ತಾಯಿಯಿಂದ ಕಿತ್ತುಕೊಳ್ಳೋದಕ್ಕೆ ಬೈಬಲ್ ವಾಕ್ಯ ಹುಡುಕುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಪ್ರಶ್ನೆ: ಯಾವುದೋ ದೇಶದಲ್ಲಿ ಒಂದು ಕುಟುಂಬವನ್ನು ಉಳಿಸಲು ತಿಂಗಳುಗಟ್ಟಲೆ ನಿಲ್ಲಿಸದೆ ಪ್ರಾರ್ಥನೆ ಮಾಡಿದರಂತೆ. ಸುಮ್ನೆ ಕಟ್ಟುಕತೆನಾ? (ಹಾಸನದಿಂದ)

ಉತ್ತರ: ಕಟ್ಟುಕತೆ ಅಲ್ಲ. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಬೆತೆಲ್ ಚರ್ಚ್‌ನಲ್ಲಿ ನಡೆದದ್ದು. ಆರ್ಮೇನಿಯಾದಿಂದ ಬಂದ ಗಂಡ, ಹೆಂಡತಿ, ಮೂವರು ಮಕ್ಕಳು. ಆ ದೇಶಕ್ಕೆ ಬಂದು ಎಂಟು ವರ್ಷದ ಮೇಲಾಗಿತ್ತು, ಮಕ್ಕಳು ಅಲ್ಲೇ ಓದಿ ಬೆಳೆದಿದ್ದರು. ಆಶ್ರಯದ ಅರ್ಜಿ ತಿರಸ್ಕಾರವಾಗಿ ವಾಪಸ್ ಹೋಗಿ ಅಂದಾಗ ಚರ್ಚ್ ಅವರನ್ನು ಒಳಗೆ ಕರೆದುಕೊಂಡಿತು.

ಅಲ್ಲಿನ ಕಾನೂನಿನಲ್ಲಿ, ಆರಾಧನೆ ನಡೆಯುತ್ತಿರುವಾಗ ಪೊಲೀಸರು ಚರ್ಚ್ ಒಳಗೆ ಬರುವ ಹಾಗಿಲ್ಲ. ಹಾಗಾದರೆ ಆರಾಧನೆ ಮುಗಿಯಲೇಬಾರದು, ಅಷ್ಟೇ ಅಲ್ವಾ? 2018ರ ಅಕ್ಟೋಬರ್ 26ರ ಮಧ್ಯಾಹ್ನ ಶುರು ಮಾಡಿದರು. ಒಬ್ಬ ಪಾಸ್ಟರ್ ಮುಗಿಸುವ ಮೊದಲೇ ಇನ್ನೊಬ್ಬರು ಬಂದು ಮುಂದುವರಿಸಬೇಕು, ನಡುವೆ ಖಾಲಿ ಬಿಡುವ ಹಾಗಿಲ್ಲ. ರಾತ್ರಿ ಎರಡು ಗಂಟೆಯ ಪಾಳಿಗೂ ಜನ ಬೇಕು. ಹಾಡು, ವಾಚನ, ಪ್ರಾರ್ಥನೆ, ಪ್ರವಚನ, ಮತ್ತೆ ಹಾಡು. ದೇಶದ ಮೂಲೆಮೂಲೆಯಿಂದ, ಹೊರದೇಶದಿಂದಲೂ, ಬೇರೆ ಬೇರೆ ಪಂಗಡದ ನೂರಾರು ಪಾಸ್ಟರುಗಳು ಪಾಳಿ ಹಂಚಿಕೊಂಡರು. ಒಬ್ಬರಿಗೊಬ್ಬರ ಬೋಧನೆ ಒಪ್ಪದ ಪಂಗಡಗಳೂ ಅದರಲ್ಲಿ ಇದ್ದವು. ಕ್ರಿಸ್‌ಮಸ್ ಬಂತು, ಹೊಸ ವರ್ಷ ಬಂತು, ಆರಾಧನೆ ನಿಲ್ಲಲಿಲ್ಲ. ಜನವರಿ 30ಕ್ಕೆ ಮುಗಿಯಿತು, ಒಟ್ಟು 96 ದಿನ.

ಮುಗಿಸಲು ಕಾರಣ ಇತ್ತು. ಅಲ್ಲೇ ಬೆಳೆದ ಮಕ್ಕಳಿರುವ ಕುಟುಂಬಗಳ ತಿರಸ್ಕೃತ ಅರ್ಜಿಗಳನ್ನು ಮತ್ತೆ ನೋಡುತ್ತೇವೆ ಅಂತ ಆಡಳಿತ ಪಕ್ಷಗಳು ಒಪ್ಪಿದವು, ಅದರಿಂದ ಸುಮಾರು 700 ಮಕ್ಕಳಿಗೆ ದಾರಿಯಾಯಿತು. ಈ ಕುಟುಂಬಕ್ಕೂ ಕೊನೆಗೆ ಪರವಾನಗಿ ಸಿಕ್ಕಿತು. ಆದರೆ ಈ ಕತೆಯನ್ನು ಹೇಳುವವರು ಜಾಸ್ತಿ ಹೇಳದ ಇನ್ನೊಂದು ಭಾಗ ಇದೆ. ಆ ಒಪ್ಪಂದದಲ್ಲೇ ಮುಂದಕ್ಕೆ ಇಂಥ ಮಕ್ಕಳ ವಿನಾಯಿತಿ ಯೋಜನೆ ಇರುವುದಿಲ್ಲ ಅಂತ ತೀರ್ಮಾನವಾಯಿತು, ವಿಶ್ವಸಂಸ್ಥೆಯ ಮೂಲಕ ವರ್ಷಕ್ಕೆ ಕರೆಸಿಕೊಳ್ಳುತ್ತಿದ್ದ ನಿರಾಶ್ರಿತರ ಸಂಖ್ಯೆ 750ರಿಂದ 500ಕ್ಕೆ ಇಳಿಯಿತು. ಅಂದರೆ ಒಳಗಿದ್ದವರು ಉಳಿದರು, ಇನ್ನೂ ಬರಬೇಕಾದವರಿಗೆ ಬಾಗಿಲು ಕಿರಿದಾಯಿತು. ಇದಕ್ಕೆ ಪಾಸ್ಟರುಗಳನ್ನು ದೂರುವುದು ನ್ಯಾಯವಲ್ಲ, ಅದು ರಾಜಕಾರಣಿಗಳ ಲೆಕ್ಕ. ಕಣ್ಣೆದುರು ಇದ್ದ ಐದು ಜನರನ್ನು ಅವರು ಬಿಟ್ಟುಕೊಡಲಿಲ್ಲ, ನನಗೆ ಅದರ ಮೇಲೆ ತುಂಬಾ ಗೌರವ.

ಪ್ರಶ್ನೆ: ಬಂದವರು ಕ್ರೈಸ್ತರಾದರೆ ಮಾತ್ರ ಈ ಪ್ರೀತಿ ಅಲ್ವಾ? (ಹುಬ್ಬಳ್ಳಿಯಿಂದ)

ಉತ್ತರ: ಎರಡೂ ಥರ ಇದೆ ಸಾರ್. 2015ರಲ್ಲಿ ಸ್ಲೊವಾಕಿಯಾ ಸರ್ಕಾರ ಕ್ರೈಸ್ತ ನಿರಾಶ್ರಿತರನ್ನಷ್ಟೇ ತೆಗೆದುಕೊಳ್ಳುತ್ತೇವೆ ಅಂತ ಹೇಳಿತು. ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಒರ್ಬಾನ್ ಕ್ರೈಸ್ತ ಯುರೋಪನ್ನು ಕಾಪಾಡಬೇಕು ಅಂತಲೇ ಬೇಲಿ ಹಾಕಿಸಿದರು. ಇನ್ನೊಂದು ಕಡೆ, 2016ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಗ್ರೀಸ್‌ನ ಲೆಸ್ಬೋಸ್ ದ್ವೀಪಕ್ಕೆ ಹೋಗಿ, ವಾಪಸ್ ಬರುವಾಗ ತಮ್ಮ ವಿಮಾನದಲ್ಲೇ ಸಿರಿಯಾದ 12 ಜನರನ್ನು ರೋಮ್‌ಗೆ ಕರೆತಂದರು. ಮೂರು ಕುಟುಂಬ, ಎಲ್ಲರೂ ಮುಸ್ಲಿಮರು. ಮತ್ತಾಯ 25ರಲ್ಲಿ ಹಸಿದವನ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ, ಹಾಗಾಗಿ ನನ್ನ ಉತ್ತರ ಎರಡನೆಯವರ ಕಡೆಗೇ.

ಪ್ರಶ್ನೆ: ನಾವು ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು. ನಮ್ಮ ಹಿರಿಯರೂ ಗೋವಾದಿಂದ ಓಡಿ ಬಂದವರು ಅಂತಾರೆ, ಹೌದಾ? (ಬೆಂದೂರಿನಿಂದ)

ಉತ್ತರ: ಹೌದು. ಹದಿನಾರರಿಂದ ಹದಿನೆಂಟನೇ ಶತಮಾನದವರೆಗೆ ಹಲವು ಸಲ ಬಂದರು. 1560ರಲ್ಲಿ ಗೋವಾದಲ್ಲಿ ಶುರುವಾದ ಧರ್ಮವಿಚಾರಣೆ (ಚರ್ಚ್‌ನ ಕಟ್ಟಳೆ ಮೀರಿದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಾಲಯ, ಇನ್‌ಕ್ವಿಸಿಷನ್), ಬರ, ರೋಗರುಜಿನ, ಮರಾಠರ ದಾಳಿ, ಕಾರಣ ಒಂದೆರಡಲ್ಲ. ಬೇಸಾಯ ಚೆನ್ನಾಗಿ ಬಲ್ಲವರು ಅಂತ ಕೆಳದಿಯ ನಾಯಕರು ನೆಲ ಕೊಟ್ಟು ನೆಲೆ ನಿಲ್ಲಿಸಿದರು. ಆ ಅರಸರು ವೀರಶೈವರು. ಬೇರೆ ಊರಿಂದ ಕೆಲಸಕ್ಕೆ ಬಂದವರ ಬಗ್ಗೆ ಇಗರ್ಜಿಯ ಅಂಗಳದಲ್ಲಿ ಹಗುರವಾಗಿ ಮಾತು ಬಂದಾಗ ಇದನ್ನು ಗಟ್ಟಿಯಾಗಿ ಹೇಳಿ.

ಪ್ರಶ್ನೆ: ಮಗ ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತಿದ್ದಾನೆ, ಒಂಟಿ. ಹತ್ತಿರದ ಚರ್ಚ್‌ನಲ್ಲಿ ವಿದೇಶದವರಿಗೆ ಕಾಫಿ ಕೊಟ್ಟು ಜರ್ಮನ್ ಮಾತು ಕಲಿಸುತ್ತಾರಂತೆ. ಕಳಿಸೋದಾ? ಮತಾಂತರದ ಭಯ ನನಗೆ. (ಶಿವಮೊಗ್ಗದಿಂದ)

ಉತ್ತರ: ಅಮ್ಮಾ, ಧಾರಾಳವಾಗಿ ಹೋಗಲಿ. ಅಲ್ಲಿ ಎಷ್ಟೋ ಚರ್ಚ್‌ಗಳಲ್ಲಿ ಇಂಥ ಕಾಫಿ ಕೂಟ ಇದೆ. ಅಲ್ಲಿನ ಕ್ಯಾಥೊಲಿಕರ ಕಾರಿತಾಸ್, ಪ್ರೊಟೆಸ್ಟಂಟರ ಡಿಯಾಕೊನಿ ಸಂಸ್ಥೆಗಳು ಯಾವ ಧರ್ಮದವರಿಗಾದರೂ ಸಹಾಯ ಮಾಡುತ್ತವೆ. ಕೆಲವು ಸಣ್ಣ ಗುಂಪುಗಳು ಒತ್ತಾಯ ಮಾಡಬಹುದು, ಇಲ್ಲ ಅನ್ನಲಾರೆ. ಹಾಗಾಗಿ ಮೊದಲ ದಿನವೇ ನೇರವಾಗಿ ಕೇಳಲಿ, ಕಿರಿಕಿರಿ ಅನಿಸಿದರೆ ಎದ್ದು ಬರಲಿ. ಬಾಡಿಗೆ ಕರಾರು, ಇನ್ಶೂರೆನ್ಸ್ ಕಾಗದ ಏನಾದರೂ ಅರ್ಥವಾಗದೆ ಇದ್ದರೆ ಅದನ್ನೂ ಜೊತೆಗೆ ಒಯ್ಯಲಿ, ಓದಿ ಹೇಳುವವರು ಯಾರಾದರೂ ಸಿಗುತ್ತಾರೆ.